ನೋಡಿ ಕಲಿಯುವವರಿಗೆ ಕೇಕ್ ಅಲಂಕಾರದ ವಿಡಿಯೋ ಕೋರ್ಸ್: ಎರಡು ವರ್ಷದ ಬಳಕೆಯ ನಂತರ

ಬಟರ್‌ಕ್ರೀಮ್ ಬಾರ್ಡರ್‌ನಿಂದ ಶುರುವಾಗಿ ಗುಲಾಬಿ, ಗನಾಶ್ ಡ್ರಿಪ್ (ಕೇಕಿನ ಬದಿಗೆ ಇಳಿಬಿಡುವ ಚಾಕೊಲೇಟ್-ಕ್ರೀಮ್ ಮಿಶ್ರಣ), ಲಟ್ಟಿಸಿ ಹೊದಿಸುವ ಸಕ್ಕರೆ ಕಣಕವಾದ ಫಾಂಡೆಂಟ್‌ವರೆಗೆ ಹೋಗುವ ರೆಕಾರ್ಡೆಡ್ ಕೋರ್ಸ್ ಇದು. ಹೆಚ್ಚಿನ ಪಾಠಗಳಿಗೆ ಎರಡು ಕ್ಯಾಮೆರಾ, ವೇಗ ಇಳಿಸಿ ನೋಡುವ ಸೌಲಭ್ಯ, ಪ್ರಿಂಟ್ ತೆಗೆದುಕೊಳ್ಳಲು ಅಭ್ಯಾಸದ ಹಾಳೆಗಳು. ವಿಷುಯಲ್ ಲರ್ನರ್‌ಗಳಿಗೆಂದೇ ಮಾಡಿದ್ದು ಎಂದು ಹೇಳಿಕೊಳ್ಳುತ್ತದೆ. ಎರಡು ವರ್ಷ ಮತ್ತೆ ಮತ್ತೆ ಹಾಕಿ ನೋಡಿದ ಮೇಲೆ ಒಂದು ಮಾತು ಖಚಿತ: ಆಕಾರ ಮತ್ತು ಕೈಯ ಓಟವನ್ನು ಇದು ತುಂಬ ಚೆನ್ನಾಗಿ ಕಲಿಸುತ್ತದೆ. ಒತ್ತಡ, ಹದ, ಉಷ್ಣತೆ ಮಾತ್ರ ಪರದೆಯಿಂದ ದಾಟಿ ಬರುವುದಿಲ್ಲ. ಅಲಂಕಾರ ಕೆಡುವುದು ಬಹುಪಾಲು ಈ ಮೂರರಿಂದಲೇ. ಹಾಗಾಗಿ ನೋಡಿ ಕಲಿಯುವವರು ಈ ಮೂರಕ್ಕೂ ಕಣ್ಣಿಗೆ ಬೀಳುವ ಒಂದೊಂದು ಗುರುತು ಮಾಡಿಕೊಳ್ಳಬೇಕು. ಅದು ಸಾಧ್ಯವಿದೆ, ಆದರೆ ಕೋರ್ಸ್ ಅದನ್ನು ಹೇಳಿಕೊಡುವುದಿಲ್ಲ.

ವಿಷುಯಲ್ ಲರ್ನರ್ ಎಂಬ ಪದದ ಬಗ್ಗೆಯೂ ಸ್ವಲ್ಪ ಹೇಳಬೇಕು. ಕಲಿಯುವವರ ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಹೋದ್ಯೋಗಿಗಳು 2008ರಲ್ಲೇ ವಿಮರ್ಶಾ ಲೇಖನವೊಂದರಲ್ಲಿ ತೋರಿಸಿದ್ದಾರೆ. ಪೈಪಿಂಗ್, ಅಂದರೆ ಬ್ಯಾಗಿನಿಂದ ಕ್ರೀಮ್ ಒತ್ತಿ ಆಕಾರ ಮೂಡಿಸುವುದು, ಕೈಚಲನೆಯ ವಿದ್ಯೆ, ಅದನ್ನು ನೋಡಿ ಕಲಿಯುವುದು ಎಲ್ಲರಿಗೂ ಸುಲಭ. ‘ನಾನು ನೋಡಿದರೆ ಸಾಕು, ಬಂದುಬಿಡುತ್ತದೆ’ ಎಂದುಕೊಂಡು ಹತ್ತು ಪಾಠ ಒಟ್ಟಿಗೆ ನೋಡಿ ಮುಗಿಸಿದರೆ ಕೈಗೆ ಏನೂ ಹತ್ತುವುದಿಲ್ಲ. ಒಂದು ಪಾಠ, ಅದರ ಬೆನ್ನಿಗೇ ಅರ್ಧ ಗಂಟೆ ಕೈಯಲ್ಲಿ ಬ್ಯಾಗ್: ಈ ಲೆಕ್ಕದಲ್ಲಿ ಹೋದರೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಕೋರ್ಸ್‌ನ ದೊಡ್ಡ ಗುಣ ಅದರ ಪಕ್ಕದ ಕ್ಯಾಮೆರಾ. ಮೇಲಿನಿಂದ ಮಾತ್ರ ತೆಗೆದ ವಿಡಿಯೋದಲ್ಲಿ ನಾಝಲ್ (ಕ್ರೀಮ್ ಹೊರಬರುವ ಬ್ಯಾಗಿನ ತುದಿಯ ಕೊಳವೆ) ಕೇಕಿನಿಂದ ಎಷ್ಟು ಎತ್ತರದಲ್ಲಿದೆ, ಎಷ್ಟು ಓರೆಯಾಗಿದೆ ಎಂಬುದು ಗೊತ್ತೇ ಆಗುವುದಿಲ್ಲ. ರೋಸೆಟ್‌ಗೆ (ಸುತ್ತಿ ಹಾಕುವ ಹೂವಿನಾಕಾರ) ಬ್ಯಾಗ್ ನೆಟ್ಟಗೆ, ಅಂದರೆ 90 ಡಿಗ್ರಿ. ಶೆಲ್ ಬಾರ್ಡರ್‌ಗೆ (ಚಿಪ್ಪಿನಾಕಾರಗಳ ಸಾಲು) 45 ಡಿಗ್ರಿ. ಪಕ್ಕದಿಂದ ನೋಡಿದಾಗ ಮಾತ್ರ ಈ ವ್ಯತ್ಯಾಸ ಮನಸ್ಸಿನಲ್ಲಿ ಕೂರುತ್ತದೆ.

ಶೆಲ್ ಬಾರ್ಡರನ್ನೇ ಹತ್ತಿರದಿಂದ ನೋಡೋಣ. ನಕ್ಷತ್ರದ ಬಾಯಿಯ ನಾಝಲ್ಲನ್ನು ಕೇಕಿನ ಮೇಲ್ಮೈಗೆ ತೀರಾ ತಾಗಿಸದೆ ಹಿಡಿದು ಒತ್ತಬೇಕು. ಕ್ರೀಮ್ ಉಬ್ಬಿ ಸುತ್ತ ಹರಡುವಾಗ ನಾಝಲ್ ತುಸು ಮೇಲೇಳುತ್ತದೆ. ಆಮೇಲೆ ಒತ್ತಡ ಕಡಿಮೆ ಮಾಡುತ್ತ ತನ್ನತ್ತ ಎಳೆದು, ಬಾಲ ಕೆಳಗೆ ತಾಗುವಾಗ ಒತ್ತುವುದನ್ನು ಪೂರ್ತಿ ನಿಲ್ಲಿಸಿ, ನಂತರ ನಾಝಲ್ ತೆಗೆಯಬೇಕು. ಮುಂದಿನ ಶೆಲ್ ಈ ಬಾಲದ ಮೇಲೆ ಕೂರುತ್ತದೆ. ಮಾಮೂಲಿ ವೇಗದಲ್ಲಿ ಇದೆಲ್ಲ ಒಂದೇ ಓಟದಂತೆ ಕಾಣುತ್ತದೆ. ಅದಕ್ಕೇ ಹೊಸಬರ ಶೆಲ್‌ಗಳಿಗೆ ದಾರದಂಥ ಬಾಲ ಉಳಿಯುವುದು: ಒತ್ತಡ ನಿಲ್ಲುವ ಮೊದಲೇ ನಾಝಲ್ ಎದ್ದಿರುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿ ಮೂರು ಸಲ ನೋಡಿ. ಮೊದಲ ಸಲ ನಾಝಲ್ಲಿನ ತುದಿ, ಎರಡನೇ ಸಲ ಬ್ಯಾಗ್ ಒತ್ತುವ ಅಂಗೈ ಮತ್ತು ಬೆರಳಿನ ಗೆಣ್ಣುಗಳು, ಮೂರನೇ ಸಲ ಇನ್ನೊಂದು ಕೈ. ಎರಡನೇ ಸಲ ನೋಡುವಾಗ ಗೆಣ್ಣುಗಳು ಸಡಿಲಾಗುವ ಕ್ಷಣ ಸ್ಪಷ್ಟವಾಗಿ ಸಿಗುತ್ತದೆ. ಒತ್ತಡವನ್ನು ಕಣ್ಣಿನಿಂದ ಓದುವ ದಾರಿ ಇದೊಂದೇ.

ಗುಲಾಬಿಯ ಪಾಠ ಇಡೀ ಕೋರ್ಸ್‌ನಲ್ಲೇ ಅತ್ಯುತ್ತಮ. ಹೂವಿನ ಮೊಳೆಯ (ಬೆರಳಲ್ಲಿ ಹಿಡಿದು ತಿರುಗಿಸುವ ಚಪ್ಪಟೆ ತಲೆಯ ಮೊಳೆ) ಮೇಲೆ ಸಣ್ಣ ಚೌಕ ಬಟರ್ ಪೇಪರ್ ಅಂಟಿಸಿ, ದುಂಡು ನಾಝಲ್ಲಿನಿಂದ ಶಂಕುವಿನಂಥ ದಿಂಡು ನಿಲ್ಲಿಸಿ, 104 ನಂಬರಿನ ಎಸಳಿನ ನಾಝಲ್ ಹಿಡಿಯಬೇಕು. ಅಗಲದ ತುದಿ ಕೆಳಗೆ, ಕಿರಿದು ಮೇಲೆ. ಮೊದಲು ದಿಂಡಿನ ತುದಿಗೆ ಒಂದು ಸುತ್ತು, ಅದೇ ಮೊಗ್ಗು. ಆಮೇಲೆ ಮೂರು, ಐದು, ಏಳು ಎಸಳುಗಳ ಸಾಲುಗಳು, ಪ್ರತಿ ಎಸಳೂ ಹಿಂದಿನದರ ಮೇಲೆ ಸ್ವಲ್ಪ ಹತ್ತಿ ಕೂರಬೇಕು. ನಾಝಲ್ಲಿನ ಓರೆಯನ್ನು ಗಡಿಯಾರದ ಮುಳ್ಳಿನಂತೆ ನೆನಪಿಡಿ: ಮೊಗ್ಗಿಗೆ ತುದಿ ಒಳಕ್ಕೆ ಬಾಗಿ 11ರತ್ತ, ಮೊದಲ ಸಾಲಿಗೆ 12, ನಂತರದ್ದಕ್ಕೆ 1, ಹೊರಗಿನದಕ್ಕೆ 2. ಬಲಗೈಯವರು ಮೊಳೆಯನ್ನು ಗಡಿಯಾರಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸುತ್ತಾರೆ. ಎಡಗೈಯವರಿಗೆ ಎಲ್ಲವೂ ತಿರುವುಮುರುವು. ಅವರಿಗಾಗಿ ಕೋರ್ಸ್‌ನಲ್ಲಿ ಪ್ರತ್ಯೇಕ ಪಾಠವಿಲ್ಲ, ಇದು ನಿಜವಾದ ಕೊರತೆ. ವಿಡಿಯೋವನ್ನು ಕನ್ನಡಿಯಂತೆ ಮಗುಚಿ ತೋರಿಸುವ ಆ್ಯಪ್ ಇದ್ದರೆ ಕೆಲಸ ನಡೆಯುತ್ತದೆ.

ಎಸಳು ಏಕೆ ಕೆಟ್ಟಿತು ಎಂಬುದನ್ನು ಎಸಳೇ ಹೇಳುತ್ತದೆ. ಅಂಚು ಹರಿದು ಗರಗಸದಂತಾದರೆ ಕ್ರೀಮ್ ಗಟ್ಟಿಯಾಗಿದೆ, ಇಲ್ಲವೇ ಒತ್ತಡ ಸಾಲದೆ ಮೊಳೆ ಬೇಗ ತಿರುಗಿದೆ. ಅಂಚು ನೆರಿಗೆ ನೆರಿಗೆಯಾದರೆ ಒತ್ತಡ ಹೆಚ್ಚು, ತಿರುಗಿಸಿದ್ದು ನಿಧಾನ. ಎಸಳು ನಿಂತು ಆಮೇಲೆ ಹೊರಕ್ಕೆ ಜೋತು ಬಿದ್ದರೆ ಕ್ರೀಮ್ ಮೆತ್ತಗಿದೆ ಅಥವಾ ಬೆಚ್ಚಗಾಗಿದೆ. ಕೋರ್ಸ್‌ನವರು ಇಂಥ ಹೂಗಳನ್ನೆಲ್ಲ ಕತ್ತರಿಸಿ ತೆಗೆದಿದ್ದಾರೆ, ಪರದೆಯ ಮೇಲೆ ಬರುವುದು ಬರೀ ಗೆದ್ದ ಹೂವು. ಇದೇ ಅದರ ಅತಿ ದೊಡ್ಡ ದೋಷ.

ಹದದ ವಿಷಯಕ್ಕೆ ಬಂದರೆ, ಪಾಠದಲ್ಲಿ ‘ಮೀಡಿಯಂ ಇರಲಿ’ ಎಂದು ಹೇಳಿ ಮುಂದೆ ಹೋಗುತ್ತಾರೆ. ನೋಡಿ ಕಲಿಯುವವರಿಗೆ ಆ ಪದದಿಂದ ಏನು ಪ್ರಯೋಜನ? ಅಭ್ಯಾಸಕ್ಕೆ 250 ಗ್ರಾಂ ಬೆಣ್ಣೆ, 500 ಗ್ರಾಂ ಐಸಿಂಗ್ ಶುಗರ್ ಇಟ್ಟುಕೊಳ್ಳಿ. ಬೆಣ್ಣೆಯನ್ನು ಬೆಳ್ಳಗಾಗುವವರೆಗೆ ಬೀಟ್ ಮಾಡಿ, ಜರಡಿ ಹಿಡಿದ ಸಕ್ಕರೆಯನ್ನು ಎರಡು ಮೂರು ಸಲಕ್ಕೆ ಸೇರಿಸಿ, ಹಾಲನ್ನು ಒಂದೊಂದೇ ಟೀ ಚಮಚ ಹಾಕುತ್ತ ಬನ್ನಿ. ಪ್ರತಿ ಹಂತದಲ್ಲೂ ಒಂದು ಲೋಟಕ್ಕೆ ಸ್ವಲ್ಪ ಕ್ರೀಮ್ ತುಂಬಿ, ಸಣ್ಣ ಪ್ಯಾಲೆಟ್ ನೈಫ್ ನೆಟ್ಟಗೆ ಚುಚ್ಚಿ, ಲೋಟವನ್ನು ಮೆಲ್ಲಗೆ ಅಲ್ಲಾಡಿಸಿ. ನೈಫ್ ಅಲುಗದಿದ್ದರೆ ಗಟ್ಟಿ ಹದ, ಗುಲಾಬಿಗೆ ಸರಿ. ಮೆಲ್ಲಗೆ ವಾಲಿದರೆ ಮಧ್ಯಮ, ಶೆಲ್, ರೋಸೆಟ್‌ಗೆ. ಕೂಡಲೇ ಪಕ್ಕಕ್ಕೆ ಬಿದ್ದರೆ ತೆಳು ಹದ, ಬರವಣಿಗೆಗೆ, ಎಲೆಗೆ, ಕೇಕ್ ಮೇಲೆ ಬಳಿಯಲು. ವಿಪ್ಪಿಂಗ್ ಕ್ರೀಮ್ ಬಳಸುವವರು ಬೀಟರ್ ಎತ್ತಿದಾಗ ನಿಲ್ಲುವ ತುದಿ ನೋಡಬೇಕು. ಮೇಲ್ಮೈ ನುಣುಪು ಹೋಗಿ ತರಿತರಿಯಾಗಿ ಕಂಡರೆ ಬೀಟ್ ಮಾಡಿದ್ದು ಮೀರಿದೆ. ಒಂದೆರಡು ಚಮಚ ಬೀಟ್ ಮಾಡದ ತಣ್ಣನೆಯ ಕ್ರೀಮ್ ಕೈಯಿಂದ ಬೆರೆಸಿದರೆ ಕೆಲವೊಮ್ಮೆ ಸುಧಾರಿಸುತ್ತದೆ.

ಉಷ್ಣತೆ ಅಂಗೈಯಿಂದ ಬರುತ್ತದೆ. ಬ್ಯಾಗನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ರೋಸೆಟ್‌ನ ಗೆರೆಗಳು ಮೊಂಡಾಗಿ, ಹೊಳೆಯತೊಡಗಿದ ಕೂಡಲೇ ಬ್ಯಾಗ್ ಐದು ನಿಮಿಷ ಫ್ರಿಜ್‌ಗೆ ಹೋಗಲಿ.

ಕೇಕಿನ ಬದಿ ನುಣುಪಾಗಿಸುವ ಪಾಠ ನಿರಾಸೆ ತರುತ್ತದೆ. ಕ್ರಂಬ್ ಕೋಟ್ (ಕೇಕಿನ ಪುಡಿ ಹಿಡಿದಿಡುವ ತೆಳುವಾದ ಮೊದಲ ಪದರ) ಬಳಿದು 20ರಿಂದ 30 ನಿಮಿಷ ಫ್ರಿಜ್‌ನಲ್ಲಿಡುವುದು, ಎರಡನೇ ಪದರ, ಸ್ಕ್ರೇಪರ್, ಇಷ್ಟೂ ಫಾಸ್ಟ್ ಫಾರ್ವರ್ಡ್‌ನಲ್ಲಿ, ಹಿನ್ನೆಲೆ ಸಂಗೀತದ ಜೊತೆ ಓಡಿಹೋಗುತ್ತದೆ. ಅಲ್ಲಿ ಕಾಣಬೇಕಾದದ್ದು: ಸ್ಕ್ರೇಪರ್‌ನ ಕೆಳ ಅಂಚು ಟರ್ನ್‌ಟೇಬಲ್‌ಗೆ ತಾಗಿಯೇ ಇರಬೇಕು, ಆ ಕೈ ಕದಲಬಾರದು, ತಿರುಗುವುದು ಟೇಬಲ್ ಮಾತ್ರ. ಮೇಲಂಚಿನಲ್ಲಿ ಎದ್ದ ಕ್ರೀಮಿನ ಗೋಡೆಯನ್ನು ಹೊರಗಿನಿಂದ ನಡುವಿನತ್ತ ಎಳೆದು ಕೂರಿಸಬೇಕು, ಪ್ರತಿ ಎಳೆತಕ್ಕೂ ನೈಫ್ ಒರೆಸಬೇಕು. ಒರೆಸದಿದ್ದರೆ ಹಿಂದಿನ ಕ್ರೀಮೇ ಅಂಚನ್ನು ಕೆರೆದುಹಾಕುತ್ತದೆ.

ಡ್ರಿಪ್ ಪಾಠ ಚಿಕ್ಕದು, ಚೊಕ್ಕದು. ಡಾರ್ಕ್ ಚಾಕೊಲೇಟ್, ಕ್ರೀಮ್ ಸಮತೂಕ; ವೈಟ್ ಚಾಕೊಲೇಟ್ ಆದರೆ ಕ್ರೀಮಿನ ಮೂರು ಪಟ್ಟು ಚಾಕೊಲೇಟ್. ಕೇಕ್ ಫ್ರಿಜ್‌ನಿಂದ ಆಗಷ್ಟೇ ಬಂದಿರಬೇಕು, ಗನಾಶ್ ಸುಮಾರು 32 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ತಣ್ಣನೆಯ ಗಾಜಿನ ಲೋಟದ ಹೊರಮೈ ಮೇಲೆ ಒಂದು ಹನಿ ಇಳಿಸಿ ನೋಡಿ. ಬುಡದವರೆಗೂ ಓಡಿದರೆ ಬಿಸಿ ಹೆಚ್ಚು, ಅರ್ಧಕ್ಕೆ ನಿಂತರೆ ಸರಿ, ಇಳಿಯದೆ ಗುಂಡಾಗಿ ಕೂತರೆ ಆರಿದೆ.

ಪರದೆಯ ಬಣ್ಣವನ್ನು ನಂಬಬೇಡಿ. ಬಟರ್‌ಕ್ರೀಮ್‌ಗೆ ಬೆರೆಸಿದ ಜೆಲ್ ಬಣ್ಣ ಕೆಲವು ಗಂಟೆಗಳಲ್ಲಿ ಇನ್ನಷ್ಟು ಗಾಢವಾಗುತ್ತದೆ, ಕೆಂಪು ಮತ್ತು ಕಪ್ಪು ವಿಶೇಷವಾಗಿ. ಬೇಕಾದದ್ದಕ್ಕಿಂತ ಒಂದು ಛಾಯೆ ತಿಳಿಯಾಗಿ ಬೆರೆಸಿ ಬಿಡಿ. ಬೆಣ್ಣೆಯ ಹಳದಿಗೆ ನೀಲಿ ಬೆರೆತರೆ ಹಸಿರು ಛಾಯೆ ಬರುತ್ತದೆ. ಮೊದಲು ಟೂತ್‌ಪಿಕ್ ತುದಿಯಷ್ಟು ನೇರಳೆ ಹಾಕಿದರೆ ಹಳದಿ ತಗ್ಗುತ್ತದೆ.

ಅಭ್ಯಾಸದ ಹಾಳೆಗಳು ಚೆನ್ನಾಗಿವೆ. ಪ್ರಿಂಟ್ ಹಾಕುವಾಗ ‘ಪುಟಕ್ಕೆ ಹೊಂದಿಸು’ ಆಯ್ಕೆ ತೆಗೆದು 100 ಶೇಕಡಾ ಇಡಿ, ಇಲ್ಲದಿದ್ದರೆ ಶೆಲ್‌ಗಳು ನಿಜದ ಅಳತೆಗಿಂತ ಚಿಕ್ಕದಾಗುತ್ತವೆ. ಹಾಳೆಯ ಮೇಲೆ ಬಟರ್ ಪೇಪರ್ ಹಾಸಿ, ಕೆಳಗಿನ ಗೆರೆ ಕಾಣುವಂತೆ ಅದರ ಮೇಲೆಯೇ ಪೈಪ್ ಮಾಡಿ, ಆಮೇಲೆ ಕೆರೆದು ಬ್ಯಾಗಿಗೆ ತುಂಬಿ ಮತ್ತೆ ಮಾಡಿ. ಫೋನನ್ನು ನಾಝಲ್ಲಿನ ಎತ್ತರಕ್ಕೆ ಪಕ್ಕದಲ್ಲಿ ನಿಲ್ಲಿಸಿ ಮೂವತ್ತು ಸೆಕೆಂಡು ನಿಮ್ಮ ಕೈಯನ್ನೇ ರೆಕಾರ್ಡ್ ಮಾಡಿ, ಪಾಠದ ಅದೇ ದೃಶ್ಯದ ಪಕ್ಕದಲ್ಲಿಟ್ಟು ನೋಡಿ. ಬ್ಯಾಗಿನ ಓರೆ ತಪ್ಪಿರುವುದು ಮಾಡುವಾಗ ಗೊತ್ತಾಗುವುದಿಲ್ಲ, ಅಲ್ಲಿ ಎದ್ದು ಕಾಣುತ್ತದೆ. ಸೆಲ್ಫಿ ಕ್ಯಾಮೆರಾ ಬೇಡ, ಎಡಬಲ ಅದಲುಬದಲಾಗಿ ತಲೆ ಕೆಡುತ್ತದೆ.

ಐದರಲ್ಲಿ ನಾಲ್ಕು ಅಂಕ. ಬಾರ್ಡರ್, ಹೂವುಗಳಿಗಾಗಿ ಧಾರಾಳವಾಗಿ ತೆಗೆದುಕೊಳ್ಳಬಹುದು. ಫಾಂಡೆಂಟ್‌ಗಾಗಿಯೇ ಆದರೆ ಬೇಡ, ಆ ಭಾಗ ತೆಳುವಾಗಿದೆ. ಐದನೇ ಅಂಕ ಪಡೆಯಲು ಅವರು ಮಾಡಬೇಕಾದದ್ದು ಸಣ್ಣ ಕೆಲಸ: ಪ್ರತಿ ಪಾಠದ ಮೊದಲಿಗೆ ಒಂದೇ ನಾಝಲ್ಲಿನಿಂದ ಮೂರು ಸಾಲು, ಗಟ್ಟಿ ಕ್ರೀಮ್, ಸರಿ ಕ್ರೀಮ್, ಮೆತ್ತನೆ ಕ್ರೀಮ್, ಅಕ್ಕಪಕ್ಕ ಹಾಕಿ ತೋರಿಸಲಿ. ಅಲ್ಲಿಯವರೆಗೆ ಆ ಮೂರು ಸಾಲನ್ನು ಒಂದು ಬೋರ್ಡ್ ಮೇಲೆ ನೀವೇ ಹಾಕಿ, ಫೋಟೋ ತೆಗೆದು, ಎಷ್ಟು ಚಮಚ ಹಾಲು ಎಂದು ಅದರ ಕೆಳಗೆ ಬರೆದು, ಬೀಟರ್ ಇಡುವ ಜಾಗದ ಗೋಡೆಗೆ ಅಂಟಿಸಿಕೊಳ್ಳಿ.