ವಖಾರಿಯ ಲೆಕ್ಕಕ್ಕೆ ಪೋಸ್ಟ್‌ಗ್ರೆಸ್: ಬರೆಯದೆ ಬಿಟ್ಟ ಜಾಗದ ಪರೀಕ್ಷೆ

ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಬೆಳೆಗಾರರ ಲೆಕ್ಕಪತ್ರ ನೋಡಿಕೊಳ್ಳುವ ನಾನು, ಹಳೆಯ ಬಿಲ್ಲಿಂಗ್ ತಂತ್ರಾಂಶದ ದಾಖಲೆಗಳನ್ನೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ವರ್ಗಾಯಿಸಿ ಒಂದು ಹಂಗಾಮು ಕಳೆದಿದೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆ ಬಗೆಗಳ ತೂಕ ಮತ್ತು ದರದ ಲೆಕ್ಕದಲ್ಲಿ ಅದು ನನಗೆ ಒಮ್ಮೆಯೂ ತೊಂದರೆ ಕೊಟ್ಟಿಲ್ಲ. ಪರವಾನಗಿ ಶುಲ್ಕವೂ ಇಲ್ಲ. ಅದರ ಸ್ವಭಾವ ನನಗೆ ಅರ್ಥವಾದದ್ದು ಮಾತ್ರ ಏನೂ ಬರೆಯದೆ ಬಿಟ್ಟಿದ್ದ ಜಾಗಗಳಿಂದ.

ಒಂದೇ ಮೊಬೈಲ್ ಸಂಖ್ಯೆ ಎರಡು ಖಾತೆಗಳಲ್ಲಿ ಬರಬಾರದೆಂದು ಆ ಕಾಲಂಗೆ ಯೂನಿಕ್ ನಿರ್ಬಂಧ ಹಾಕಿದ್ದೆ. ಹಳೆಯ ದಾಖಲೆಗಳ ಸಿಎಸ್‌ವಿ ಕಡತವನ್ನು (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯದ ಕಡತ) ತುಂಬಲು ಹೋದಾಗ, ನಕಲು ಮೌಲ್ಯವಿದೆ ಎಂಬ ಸಂದೇಶ ಬಂದು ಒಂದು ಸಾಲೂ ಒಳಗೆ ಹೋಗಲಿಲ್ಲ. ನಕಲಾಗಿದ್ದದ್ದು ಯಾವ ಸಂಖ್ಯೆಯೂ ಆಗಿರಲಿಲ್ಲ. ಫೋನ್ ಇಲ್ಲದ ಇಬ್ಬರು ಬೆಳೆಗಾರರ ಖಾಲಿ ಜಾಗಗಳು. ಕಡತದಲ್ಲಿ ಎರಡು ಅಲ್ಪವಿರಾಮಗಳ ನಡುವೆ ಏನೂ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ನಲ್, ಅಂದರೆ ಮೌಲ್ಯವೇ ಗೊತ್ತಿಲ್ಲ ಎಂದು ಓದುತ್ತದೆ, ಜೋಡಿ ಉದ್ಧರಣ ಚಿಹ್ನೆಗಳಿದ್ದರೆ ಶೂನ್ಯ ಉದ್ದದ ಪಠ್ಯ, ಅಂದರೆ ಖಾಲಿ ಪಠ್ಯವೆಂದು ಓದುತ್ತದೆ. ಯೂನಿಕ್ ಕಾಲಂನಲ್ಲಿ ನಲ್ ಎಷ್ಟು ಬೇಕಾದರೂ ಇರಬಹುದು, ಖಾಲಿ ಪಠ್ಯ ಒಂದೇ ಇರಬಹುದು. ನಮ್ಮ ಹಳೆಯ ತಂತ್ರಾಂಶ ಎರಡನ್ನೂ ಬೆರೆಸಿ ಬರೆದಿತ್ತು, ಕೆಲವು ಕಡೆ ಬರಿಯ ಸ್ಪೇಸ್‌ಗಳನ್ನೂ ಬಿಟ್ಟಿತ್ತು. ಒರೇಕಲ್ ಎಂಬ ಇನ್ನೊಂದು ಡೇಟಾಬೇಸ್ ಈ ಖಾಲಿ ಪಠ್ಯವನ್ನೂ ನಲ್ ಎಂದೇ ಪರಿಗಣಿಸುವುದರಿಂದ, ಅಲ್ಲಿ ಕೆಲಸ ಕಲಿತವರಿಗೆ ಈ ಭೇದ ಮೊದಲು ವಿಚಿತ್ರವೆನಿಸುವುದು ಸಹಜ.

ನಿರ್ಬಂಧವನ್ನು ತೆಗೆದು ಕಡತ ತುಂಬಿದೆ; ಸ್ಪೇಸ್‌ಗಳನ್ನು ಟ್ರಿಮ್ ಮಾಡಿ (ಕತ್ತರಿಸಿ), ಉಳಿದ ಖಾಲಿ ಪಠ್ಯವನ್ನು ನಲ್‌ಇಫ್ ಎಂಬ ಫಂಕ್ಷನ್ ಮೂಲಕ ನಲ್ ಮಾಡಿ, ನಿರ್ಬಂಧವನ್ನು ಮತ್ತೆ ಹಾಕಿದೆ. ಖಾಲಿ ಪಠ್ಯ ಇನ್ನು ಮುಂದೆ ಒಳಬರದಂತೆ ಒಂದು ಚೆಕ್ ನಿಯಮವನ್ನೂ (ಒಳಬರುವ ಮೌಲ್ಯವನ್ನು ಪರೀಕ್ಷಿಸುವ ಷರತ್ತು) ಸೇರಿಸಿದೆ. ನಲ್ ಎದುರಾದಾಗ ಹೋಲಿಕೆಯ ಉತ್ತರ ಸರಿಯೂ ಅಲ್ಲದ ತಪ್ಪೂ ಅಲ್ಲದ ಅಜ್ಞಾತವಾಗುವುದರಿಂದ ಚೆಕ್ ಅದನ್ನು ತಡೆಯುವುದಿಲ್ಲ, ನನಗೆ ಬೇಕಾದದ್ದೂ ಅದೇ.

ಇದಕ್ಕೆ ತೆರಬೇಕಾದ ಬೆಲೆಯೊಂದಿದೆ. ಪಠ್ಯಗಳನ್ನು ಜೋಡಿಸುವ ಎರಡು ಲಂಬ ಗೆರೆಗಳ ಚಿಹ್ನೆಯಿಂದ (||) ಹೆಸರು, ಮನೆ, ಊರುಗಳನ್ನು ಜೋಡಿಸುವಾಗ ಒಂದು ನಲ್ ಸೇರಿದರೂ ಇಡೀ ವಿಳಾಸ ನಲ್ ಆಗುತ್ತದೆ. ನಮ್ಮ ಕೆಲವು ಪಟ್ಟಿಗಳು ವಿಳಾಸವಿಲ್ಲದೆ ಮುದ್ರಣವಾದವು. ನಲ್‌ಗಳನ್ನು ದಾಟಿ ಮುಂದುವರಿಯುವ ಕಾನ್‌ಕ್ಯಾಟ್ ಡಬ್ಲ್ಯುಎಸ್ ಎಂಬ ಫಂಕ್ಷನ್ ಬಳಸಿದ ಮೇಲೆ ಅದು ಸರಿಹೋಯಿತು. ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಕೊಡುವ ಪಿಎಸ್‌ಕ್ಯೂಎಲ್ ಪರದೆಯಲ್ಲಿ ನಲ್ ಮತ್ತು ಖಾಲಿ ಪಠ್ಯ ಮೊದಲಿಗೆ ಒಂದೇ ರೀತಿ ಬರಿದಾಗಿ ಕಾಣುವುದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ನಲ್ ಬದಲು ತೋರಿಸಬೇಕಾದ ಗುರುತನ್ನು ಪಿಸೆಟ್ ಆಜ್ಞೆಯಿಂದ ಮೊದಲ ದಿನವೇ ಹೊಂದಿಸಿಕೊಳ್ಳಬೇಕು.

ಮನೆಯ ಹೆಸರಿನ ಕಾಲಂನಲ್ಲಿ ನಾನು ಬೇರೆ ದಾರಿ ಹಿಡಿದೆ. ನಮ್ಮ ಕಡೆ ಒಂದೇ ಊರಿನ ಇಬ್ಬರು ಹೆಗಡೆಯವರಿಗೆ ಒಂದೇ ಹೆಸರಿದ್ದರೆ, ಮೇಲಿನಮನೆಯವರೋ ಕೆಳಗಿನಮನೆಯವರೋ ಎಂಬುದರಿಂದಲೇ ಗುರುತಿಸಬೇಕು. ಆದ್ದರಿಂದ ‘ಕೇಳಿಲ್ಲ’ ಎಂಬುದಕ್ಕೂ ‘ಕೇಳಿದೆವು, ಇಲ್ಲ’ ಎಂಬುದಕ್ಕೂ ಇಲ್ಲಿ ಬಹಳ ಅಂತರವಿದೆ. ಅದನ್ನು ಕಣ್ಣಿಗೆ ಕಾಣದ ಖಾಲಿ ಪಠ್ಯದ ಮೇಲೆ ಹೊರಿಸದೆ, ಕೇಳಲಾಗಿದೆಯೇ ಎಂಬ ಪ್ರತ್ಯೇಕ ಕಾಲಂ ಇಟ್ಟಿದ್ದೇನೆ. ಬೆಳೆಗಾರರು ಚಾಲಿ ತಂದು ತೂಕಕ್ಕೆ ಕಾಯುವಾಗ ಒಬ್ಬೊಬ್ಬರನ್ನೇ ಕೇಳಿ ಅದನ್ನು ತುಂಬುತ್ತಿದ್ದೇವೆ.