ಸಾಣೆಯಿಂದ ಬಂದ ಬ್ಯಾಂಡ್‌ಸಾ ಬ್ಲೇಡನ್ನು ನೋಡದೆ ಮೆಷಿನ್‌ಗೆ ಏರಿಸಬೇಡಿ

ಬ್ಯಾಂಡ್‌ಸಾ ಅಂದರೆ ಬಳೆಯ ಹಾಗೆ ವೆಲ್ಡ್ ಮಾಡಿದ ಹಲ್ಲಿನ ಪಟ್ಟಿ ಎರಡು ಚಕ್ರಗಳ ಮೇಲೆ ಸುತ್ತುತ್ತಾ ಮರ ಕೊಯ್ಯುವ ಮೆಷಿನ್. ಸಾಣೆಗೆ ಕೊಟ್ಟ ಬ್ಲೇಡ್ ವಾಪಸ್ ಬಂದಾಗ ಎಲ್ಲರೂ ಮಾಡುವುದು ಒಂದೇ. ಹಲ್ಲಿನ ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಚುರುಕ್ ಅಂದರೆ ಸರಿ, ಹರಿತ ಆಗಿದೆ ಅಂತ ಮೆಷಿನ್‌ಗೆ ಹಾಕಿಬಿಡುತ್ತಾರೆ. ದಯವಿಟ್ಟು ಅಷ್ಟಕ್ಕೇ ನಂಬಬೇಡಿ. ಬೆರಳಿಗೆ ಚುಚ್ಚುವ ಬ್ಲೇಡ್ ಮರವನ್ನು ನೆಟ್ಟಗೆ ಕೊಯ್ಯುತ್ತದೆ ಅಂತ ಏನೂ ಇಲ್ಲ. ಕೆಟ್ಟದಾಗಿ ಸಾಣೆ ಹಿಡಿದ ಬ್ಲೇಡ್ ಒಳ್ಳೆಯ ಮರವನ್ನೂ ಹಾಳು ಮಾಡುತ್ತದೆ, ಓಡುತ್ತಿರುವಾಗಲೇ ತುಂಡೂ ಆಗುತ್ತದೆ. ನನಗೆ ಎರಡೂ ಆಯಿತು.

ನನ್ನದು ಅರ್ಧ ಇಂಚು ಅಗಲದ ಬ್ಲೇಡ್. ಇಂಚಿಗೆ 3 ಹಲ್ಲು, ಹುಕ್ ಮಾದರಿ, ಅಂದರೆ ಹಲ್ಲು ಮುಂದಕ್ಕೆ ವಾಲಿದ್ದು. ಬೆನ್ನು ಬಾಗುವ ಸ್ಟೀಲ್, ಹಲ್ಲಿನ ತುದಿ ಮಾತ್ರ ಗಟ್ಟಿ ಮಾಡಿದ್ದು. 8 ಇಂಚು ಅಗಲದ ಮರವನ್ನು ನಿಲ್ಲಿಸಿ ತೆಳು ಹಲಗೆಗಳಾಗಿ ಸೀಳುವುದಕ್ಕೆ ಅಂತಲೇ ಇಟ್ಟುಕೊಂಡಿದ್ದೆ. ತೇಗ ಸೀಳಿ ಸೀಳಿ ಮೊಂಡಾಗಿತ್ತು. ತೇಗದಲ್ಲಿ ಸಿಲಿಕಾ ಇರುತ್ತದೆ, ಹಲ್ಲು ಬೇಗ ಸವೆಯುತ್ತದೆ. ಸಾಣೆ ಹಿಡಿಯುವ ಒಬ್ಬರಿಗೆ ಕೊಟ್ಟೆ. ಈ ಬ್ಲೇಡಿನ ಹಲ್ಲು ಗಟ್ಟಿ ಮಾಡಿದ್ದು, ಬಿಸಿ ಆಗದ ಹಾಗೆ ನೋಡಿಕೊಳ್ಳಿ ಅಂತ ಹೇಳಿಯೇ ಕೊಟ್ಟಿದ್ದೆ. "ಹೊಸದರ ಹಾಗೆ ಮಾಡಿಕೊಡ್ತೀನಿ ಸರ್" ಅಂದರು.

ಬಂದ ಬ್ಲೇಡ್ ಬೆರಳಿಗೆ ನಿಜವಾಗಿಯೂ ಹರಿತವಾಗಿತ್ತು. ಮರಕ್ಕೆ ಕೊಟ್ಟೆ. ಒಂದು ಗೇಣು ನೆಟ್ಟಗೆ ಹೋಯಿತು. ಆಮೇಲೆ ಎಡಕ್ಕೆ ಎಳೆಯೋಕೆ ಶುರು. ಫೆನ್ಸ್ ಕಡೆಗೆ, ಅಂದರೆ ಮರ ಆತುಕೊಂಡು ಸಾಗುವ ನೆಟ್ಟಗಿನ ಪಟ್ಟಿಯ ಕಡೆಗೆ, ಮರವನ್ನು ಒತ್ತಿ ಹಿಡಿದರೂ ಬ್ಲೇಡ್ ತನ್ನ ದಾರಿಯಲ್ಲೇ ಹೋಗುತ್ತಿತ್ತು. ಹಲಗೆ ಬಿಡಿಸಿ ನೋಡಿದರೆ ಮೇಲಿನ ಅಂಚು ಗೆರೆಯ ಮೇಲಿದೆ, ಕೆಳಗಿನ ಅಂಚೂ ಹತ್ತಿರದಲ್ಲೇ ಇದೆ, ನಡುವೆ ಮಾತ್ರ ಹೊಟ್ಟೆ ಬಂದಿದೆ. ಬ್ಲೇಡ್ ಮರದೊಳಗೆ ಬಿಲ್ಲಿನ ಹಾಗೆ ಬಾಗಿಕೊಂಡು ಹೋಗಿದೆ ಅಂತ ಅರ್ಥ. ಮೈಮೇಲೆ ಒಂದೇ ಅಂತರದಲ್ಲಿ ಆಳವಾದ ಗೀರುಗಳು. ಅಲ್ಲಲ್ಲಿ ಕಂದು ಬಣ್ಣಕ್ಕೆ ಸುಟ್ಟಿತ್ತು. ಎರಡು ಹಲಗೆ ಬರಬೇಕಾದ ಮರದಲ್ಲಿ ಒಂದೂ ಸರಿಯಾಗಿ ಬರಲಿಲ್ಲ. ಉಜ್ಜಿ ಸಮ ಮಾಡೋಣ ಅಂದರೆ ದಪ್ಪವೇ ಉಳಿಯುವುದಿಲ್ಲ.

ಸಾಣೆಯವರಿಗೆ ಫೋನ್ ಮಾಡಿದೆ. "ನಿಮ್ಮ ಗೈಡ್ ಸರಿ ಇಲ್ಲ ಸರ್, ಟೆನ್ಷನ್ ಜಾಸ್ತಿ ಮಾಡಿ" ಅಂದರು. ಗೈಡ್ ಅಂದರೆ ಬ್ಲೇಡ್ ಅತ್ತಿತ್ತ ಸರಿಯದ ಹಾಗೆ ಹಿಡಿಯುವ ಭಾಗ, ಟೆನ್ಷನ್ ಅಂದರೆ ಬ್ಲೇಡಿನ ಬಿಗಿ. ಟೆನ್ಷನ್ ಕಡಿಮೆ ಇದ್ದರೂ ಹೊಟ್ಟೆ ಬರುತ್ತದೆ, ಅದು ನಿಜ. ಮರವನ್ನು ಜೋರಾಗಿ ತಳ್ಳಿದರೂ ಬರುತ್ತದೆ. ಆದ್ದರಿಂದ ಅದೇ ಅಳತೆಯ ಹೊಸ ಬ್ಲೇಡ್ ಹಾಕಿ, ಅದೇ ಫೆನ್ಸ್, ಅದೇ ಮರದ ಉಳಿದ ತುಂಡು ಕೊಟ್ಟು ನೋಡಿದೆ. ನೂಲು ಹಿಡಿದ ಹಾಗೆ ನೆಟ್ಟಗೆ ಬಂತು. ಇಂಥ ವಾದ ಬಂದರೆ ನೀವೂ ಇದನ್ನೇ ಮಾಡಿ. ಬೇರೆ ಏನನ್ನೂ ಮುಟ್ಟದೆ ಬ್ಲೇಡ್ ಒಂದನ್ನೇ ಬದಲಿಸಿ. ತಪ್ಪು ಮೆಷಿನ್‌ದೋ ಬ್ಲೇಡ್‌ದೋ ಅಂತ ತಕ್ಷಣ ತಿಳಿಯುತ್ತದೆ.

ಆಮೇಲೆ ಭೂತಗನ್ನಡಿ ಹಿಡಿದು ಹಲ್ಲು ನೋಡಿದೆ. ತುದಿಗಳಲ್ಲಿ ನೀಲಿ ಬಣ್ಣ ಏರಿತ್ತು. ಸ್ಟೀಲ್ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಬರುವ ಬಣ್ಣ ಅದು. ಕಾರ್ಬನ್ ಸ್ಟೀಲ್ ಹಲ್ಲು ಅಷ್ಟು ಕಾದರೆ ಅದರ ಗಟ್ಟಿತನ ಹೋಯಿತು ಅಂತಲೇ. ಬೈಮೆಟಲ್, ಅಂದರೆ ಎರಡು ಲೋಹ ಬೆಸೆದ ಬ್ಲೇಡಿನ ಹಲ್ಲು ಹೈಸ್ಪೀಡ್ ಸ್ಟೀಲ್, 500 ಡಿಗ್ರಿ ದಾಟಿದರೂ ತಡೆಯುತ್ತದೆ. ನನ್ನದು ಅದಲ್ಲ. ಗ್ರೈಂಡಿಂಗ್ ಕಲ್ಲನ್ನು ಒಂದೇ ಹಲ್ಲಿನ ಮೇಲೆ ಒತ್ತಿ ಹಿಡಿದಿದ್ದಾರೆ. ಅಂಥ ಹಲ್ಲು ಮೊದಲ ಗೇಣಿಗೆ ಹರಿತ, ಆಮೇಲೆ ತಗಡು. ನನ್ನ ಮರದಲ್ಲಿ ಆದದ್ದೂ ಅದೇ ಅಲ್ವಾ?

ಅಷ್ಟೇ ಆಗಿದ್ದರೆ ಬ್ಲೇಡ್ ಎರಡೂ ಕಡೆ ಒಂದೇ ಸಮ ಮೊಂಡಾಗಬೇಕಿತ್ತು. ಎಡಕ್ಕೇ ಯಾಕೆ ಎಳೆಯಿತು? ಬ್ಯಾಂಡ್‌ಸಾ ಹಲ್ಲುಗಳು ಎಡಕ್ಕೆ ಬಲಕ್ಕೆ ಸ್ವಲ್ಪ ಬಾಗಿರುತ್ತವೆ. ಅದಕ್ಕೆ ಸೆಟ್ ಅನ್ನುತ್ತೇವೆ. ಆ ಬಾಗು ಇರುವುದರಿಂದಲೇ ಸೀಳು ಬ್ಲೇಡಿನ ಬೆನ್ನಿಗಿಂತ ಅಗಲವಾಗಿ, ಬ್ಲೇಡ್ ಉಜ್ಜದೆ ಹಾದುಹೋಗುತ್ತದೆ. ಒಂದು ಕಡೆಯ ಸೆಟ್ ಜಾಸ್ತಿ ಇದ್ದರೆ, ಅಥವಾ ಆ ಕಡೆಯ ಹಲ್ಲು ಮಾತ್ರ ಹೆಚ್ಚು ಹರಿತ ಇದ್ದರೆ, ಬ್ಲೇಡ್ ಆ ಕಡೆಗೇ ಎಳೆಯುತ್ತದೆ. ಹಲ್ಲಿನ ತುದಿ ಉಜ್ಜಿದಷ್ಟೂ ಸೆಟ್ ಕಡಿಮೆಯಾಗುತ್ತಾ ಬರುತ್ತದೆ, ಯಾಕೆಂದರೆ ಬಾಗು ಇರುವುದೇ ತುದಿಯಲ್ಲಿ. ನನ್ನ ಬ್ಲೇಡಿನಲ್ಲಿ ಬಲಗಡೆ ಹಲ್ಲುಗಳನ್ನು ಎಡಗಡೆಯವಕ್ಕಿಂತ ಜಾಸ್ತಿ ಉಜ್ಜಿದ್ದರು. ಗಿಡ್ಡ ಹಲ್ಲು ಮರವನ್ನು ಕಚ್ಚುವುದೇ ಇಲ್ಲ. ಎಡಗಡೆಯವು ಕೊಯ್ಯುತ್ತವೆ, ಬಲಗಡೆಯವು ಸುಮ್ನೆ ಸವರಿಕೊಂಡು ಹೋಗುತ್ತವೆ. ಮರ ಸುಟ್ಟದ್ದು ಅಲ್ಲಿ. ಒಂದು ಹಲ್ಲಂತೂ ಉಳಿದವಕ್ಕಿಂತ ಹೊರಗೇ ಚಾಚಿಕೊಂಡಿತ್ತು. ಆಳದ ಗೀರು ಅದರದ್ದು.

ಎಲ್ಲಕ್ಕಿಂತ ನನಗೆ ಸಿಟ್ಟು ಬಂದದ್ದು ಹಲ್ಲುಗಳ ನಡುವಿನ ಕುಳಿ ನೋಡಿ. ಹೊಸ ಬ್ಲೇಡಿನಲ್ಲಿ ಆ ಕುಳಿಯ ತಳ ದುಂಡಗಿರುತ್ತದೆ. ಅದು ಹೊಟ್ಟು ತುಂಬಿಕೊಳ್ಳಲು ಮಾತ್ರ ಇರುವ ಜಾಗ ಅಲ್ಲ. ಬ್ಲೇಡ್ ಪ್ರತಿ ಸುತ್ತಿಗೂ ಮೇಲಿನ ಚಕ್ರದ ಮೇಲೆ ಒಮ್ಮೆ, ಕೆಳಗಿನ ಚಕ್ರದ ಮೇಲೆ ಒಮ್ಮೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ತಳ ದುಂಡಗಿದ್ದರೆ ಆ ಒತ್ತಡ ಹರಡಿಕೊಳ್ಳುತ್ತದೆ. ಚೂಪಾದ ಮೂಲೆ ಇದ್ದರೆ ಒತ್ತಡವೆಲ್ಲ ಅಲ್ಲಿಗೇ ಬಂದು ಬೀಳುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಚೌಕ ಅಂಚಿನ ಕಲ್ಲಲ್ಲಿ ಉಜ್ಜಿ, ಪ್ರತಿ ಕುಳಿಯಲ್ಲೂ ಹಲ್ಲಿನ ಬುಡಕ್ಕೆ ಗೀರಿದಂಥ ಮೂಲೆ ಬಿಟ್ಟಿದ್ದರು.

ನಾನು ಇದನ್ನೆಲ್ಲ ನೋಡಿದ್ದು ಬ್ಲೇಡ್ ತುಂಡಾದ ಮೇಲೆ. ಹೊಸ ಬ್ಲೇಡಿನ ಪರೀಕ್ಷೆ ಮುಗಿದ ನಂತರ, ಅವರು ಹೇಳಿದ ಹಾಗೆ ಗೈಡ್ ಮತ್ತೆ ಹೊಂದಿಸಿ ಹಳೆಯದನ್ನೇ ಹಾಕಿದ್ದೆ. ಟಿಕ್, ಟಿಕ್ ಅಂತ ಒಂದೇ ಲಯದ ಸದ್ದು ಶುರುವಾಯಿತು. ಸ್ವಿಚ್‌ಗೆ ಕೈ ಹಾಕುವಷ್ಟರಲ್ಲಿ ಪಟಾರ್ ಅಂತ ಹರಿಯಿತು. ಚಕ್ರದ ಬಾಗಿಲು ಮುಚ್ಚಿತ್ತು, ಗೈಡ್ ಮರಕ್ಕೆ ತಾಗುವ ಹಾಗೆ ಇಳಿಸಿದ್ದೆ, ಏನೂ ಆಗಲಿಲ್ಲ. ಬ್ಲೇಡಿನ ವೆಲ್ಡಿಂಗ್ ಉಬ್ಬಿದ್ದರೂ ಇಂಥ ಸದ್ದು ಬರುತ್ತದೆ, ಆದರೆ ಅದು ಬ್ಲೇಡ್ ಹಾಕಿದ ಗಳಿಗೆಯಿಂದಲೇ ಇರುತ್ತದೆ. ನಡುವೆ ಇದ್ದಕ್ಕಿದ್ದಂತೆ ಶುರುವಾದರೆ ಬಿರುಕು ಅಂತ ತಿಳಿದು ತಕ್ಷಣ ಆಫ್ ಮಾಡಿ. ಚಕ್ರ ಪೂರ್ತಿ ನಿಲ್ಲುವವರೆಗೆ ಬಾಗಿಲು ತೆಗೆಯಬೇಡಿ.

ಸಾಣೆ ಹಿಡಿದ ಅದೇ ವ್ಯಕ್ತಿ ಕೊನೆಗೆ ಇನ್ನೊಂದು ಸಲಹೆ ಕೊಟ್ಟರು. ಇಂಚಿಗೆ 10 ಹಲ್ಲಿನ ಬ್ಲೇಡ್ ತಗೊಳ್ಳಿ, ನಯವಾಗಿ ಬರುತ್ತೆ ಅಂತ. ಈ ಮಾತನ್ನು ತುಂಬಾ ಜನ ನಂಬುತ್ತಾರೆ. ಲೆಕ್ಕ ಹಾಕಿ ನೋಡಿ. 8 ಇಂಚಿನ ಮರದಲ್ಲಿ ಇಂಚಿಗೆ 10 ಹಲ್ಲು ಅಂದರೆ ಒಂದೇ ಹೊತ್ತಿಗೆ 80 ಹಲ್ಲು ಮರದೊಳಗೆ. ಪ್ರತಿ ಕುಳಿಯೂ ಪುಟ್ಟದು, ಮರ ದಾಟುವ ಮೊದಲೇ ಹೊಟ್ಟು ತುಂಬಿಬಿಡುತ್ತದೆ. ತುಂಬಿದ ಮೇಲೆ ಹಲ್ಲು ಕೊಯ್ಯುವುದಿಲ್ಲ, ಉಜ್ಜುತ್ತದೆ. ಬ್ಲೇಡ್ ಕಾಯುತ್ತದೆ, ಬಾಗುತ್ತದೆ, ಮತ್ತೆ ಅದೇ ಹೊಟ್ಟೆ. 3 ಹಲ್ಲಿನದಾದರೆ ಒಳಗಿರುವುದು 24, ಕುಳಿಯೂ ದೊಡ್ಡದು. ಮುಕ್ಕಾಲು ಇಂಚಿನ ಹಲಗೆಗೆ ಮಾತ್ರ ಲೆಕ್ಕ ತಿರುಗುತ್ತದೆ. ಅಲ್ಲಿ 3 ಹಲ್ಲಿನ ಬ್ಲೇಡ್ ಹಾಕಿದರೆ ಒಳಗಿರುವುದು ಎರಡೇ ಚಿಲ್ಲರೆ ಹಲ್ಲು, ಅಂಚು ಕಿತ್ತು ಬರುತ್ತದೆ. ಆಗ 10 ಹಲ್ಲಿನದು ಸರಿ. ಎಷ್ಟೇ ತೆಳು ಮರವಾದರೂ ಕನಿಷ್ಠ 3 ಹಲ್ಲು ಒಳಗಿರಬೇಕು ಅನ್ನುವುದು ಹಳೆಯ ಲೆಕ್ಕ, ನಾನಂತೂ ಅದನ್ನು ಬಿಡುವುದಿಲ್ಲ.

ಸಾಣೆಯೇ ಬೇಡ ಅನ್ನುತ್ತಿಲ್ಲ. ದಿಮ್ಮಿ ಸೀಳುವ ಅಗಲದ ಬ್ಲೇಡುಗಳನ್ನು ಮತ್ತೆ ಮತ್ತೆ ಸಾಣೆ ಹಿಡಿಯಲೆಂದೇ ಮಾಡಿರುತ್ತಾರೆ. ಅದಕ್ಕೆ ಹಲ್ಲಿನ ಮುಖ, ಕುಳಿ, ಬೆನ್ನು ಮೂರನ್ನೂ ಒಂದೇ ಓಟದಲ್ಲಿ ಉಜ್ಜುವ ಮೆಷಿನ್ ಇದೆ. ಕಲ್ಲಿನ ಮೇಲೆ ಎಣ್ಣೆಯೋ ನೀರೋ ಹರಿಯುತ್ತಿರುತ್ತದೆ. ಆದ್ದರಿಂದ ಕೊಡುವ ಮೊದಲೇ ಕೇಳಿ: ಕೈಯಲ್ಲಿ ಉಜ್ಜುತ್ತೀರಾ, ಮೆಷಿನ್‌ನಲ್ಲಾ? ಕುಳಿ ಉಜ್ಜುತ್ತೀರಾ, ಬರೀ ತುದಿಯಾ? ಸೆಟ್ ಅಳೆದು ನೋಡುತ್ತೀರಾ? ಮೂರಕ್ಕೂ ನೇರ ಉತ್ತರ ಬರದಿದ್ದರೆ ಬ್ಲೇಡ್ ವಾಪಸ್ ತನ್ನಿ. ಕಿರಿದಾದ, ಹಲ್ಲು ಗಟ್ಟಿ ಮಾಡಿದ ಬ್ಲೇಡಿನ ಹಲ್ಲಿನ ಮೇಲೆ ಅರ ಎಳೆದರೆ ಕಚ್ಚದೆ ಜಾರುತ್ತದೆ. ಅಂಥದ್ದನ್ನು ಸಾಣೆಗೆ ಕೊಡುವುದಕ್ಕಿಂತ ಹೊಸದು ತರುವುದೇ ವಾಸಿ, ಇದು ನನ್ನ ಅಭಿಪ್ರಾಯ.

ಸಾಣೆಯಿಂದ ಬಂದಿದ್ದನ್ನು ಹಾಕಲೇಬೇಕು ಅಂದರೆ, ಮೊದಲು ವೆಲ್ಡಿಂಗ್ ಪಕ್ಕ ಮಾರ್ಕರ್‌ನಲ್ಲಿ ಗುರುತು ಹಾಕಿ. ಅಲ್ಲಿಂದ ಶುರುಮಾಡಿ ಪೂರ್ತಿ ಒಂದು ಸುತ್ತು ಬೆಳಕಲ್ಲಿ ನೋಡಿ. ನೀಲಿ ಬಣ್ಣ, ಕುಳಿಯಲ್ಲಿ ಚೂಪು ಮೂಲೆ, ಕೂದಲೆಳೆಯಂಥ ಬಿರುಕು, ಇವುಗಳಲ್ಲಿ ಒಂದು ಕಂಡರೂ ಹಾಕಬೇಡಿ. ಎಲ್ಲ ಸರಿ ಇದ್ದರೆ ಪ್ಲಗ್ ತೆಗೆದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಹಲ್ಲು ಗೈಡ್‌ಗೆ ತಾಗಬಾರದು, ತಾಗಿದರೆ ಇದ್ದ ಸೆಟ್ಟೂ ಹಾಳು. ಆಮೇಲೆ ಬೇಡದ ತುಂಡೊಂದನ್ನು ಎತ್ತರಕ್ಕೆ ನಿಲ್ಲಿಸಿ ಸೀಳಿ, ಕೊಯ್ದ ಮೈಗೆ ನೆಟ್ಟಗಿನ ಪಟ್ಟಿ ಅಡ್ಡ ಹಿಡಿದು ನೋಡಿ. ಪಟ್ಟಿಯ ಕೆಳಗೆ ಬೆಳಕು ಕಂಡರೆ ಒಳ್ಳೆಯ ಮರವನ್ನು ಆ ಬ್ಲೇಡಿಗೆ ಕೊಡಬೇಡಿ.