ಚೆಕ್ ಬುಕ್: ನಮ್ಮ ಸಂಘಕ್ಕೆ ಇನ್ನೂ ಬೇಕು, 5ಕ್ಕೆ 4 ಅಂಕ

ನಾನು ಮೈಸೂರಿನ ಒಂದು ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ. ಹಾಲು, ತರಕಾರಿಗೆಲ್ಲ ನಾನೂ ಯುಪಿಐ ಬಳಸುತ್ತೇನೆ. ಆದರೆ ಸಂಘದ ದುಡ್ಡಿಗೆ ಚೆಕ್ಕೇ ಸರಿ.

ಲಿಫ್ಟ್ ರಿಪೇರಿ ಬಿಲ್ ಬಂದರೆ ಚೆಕ್ ಬರೆದು, ಎಡ ಮೂಲೆಯಲ್ಲಿ ಎರಡು ಗೆರೆ ಎಳೆದು 'ಅಕೌಂಟ್ ಪೇಯಿ' ಎಂದು ಬರೆಯುತ್ತೇನೆ, ಅಂದರೆ ದುಡ್ಡು ಚೆಕ್ಕಿನಲ್ಲಿ ಹೆಸರಿರುವವರ ಖಾತೆಗೇ ಹೋಗಬೇಕು. ಆಮೇಲೆ ಅಧ್ಯಕ್ಷರ ಮನೆಗೆ ಹೋಗಬೇಕು. ಅವರು ಕನ್ನಡಕ ಹಾಕಿಕೊಂಡು ಬಿಲ್ ಪೂರ್ತಿ ಓದುತ್ತಾರೆ, ಒಂದೆರಡು ಪ್ರಶ್ನೆ ಕೇಳುತ್ತಾರೆ, ಆಮೇಲೇ ಎರಡನೇ ಸಹಿ. ಎಲ್ಲರ ಮನೆಯ ದುಡ್ಡು, ಇಷ್ಟು ತಡೆ ಇರಲೇಬೇಕು ಅಲ್ವಾ? ದೊಡ್ಡ ಮೊತ್ತವಾದರೆ 'ಪಾಸಿಟಿವ್ ಪೇ'ಯಲ್ಲಿ ಚೆಕ್ ನಂಬರ್, ತಾರೀಖು, ಹೆಸರು, ಮೊತ್ತ ಮೊದಲೇ ಬ್ಯಾಂಕಿಗೆ ತಿಳಿಸಿಬಿಡುತ್ತೇನೆ. ಯಾರಾದರೂ ತಿದ್ದಿದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ನಿಧಾನ ಅನ್ನುವ ದೂರೂ ಈಗ ಕಡಿಮೆಯಾಗಿದೆ. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಕ್ಲಿಯರಿಂಗ್ ಪದ್ಧತಿ, ಅಂದರೆ ಬ್ಯಾಂಕುಗಳು ತಮ್ಮತಮ್ಮಲ್ಲಿ ಚೆಕ್ ಚುಕ್ತಾ ಮಾಡುವ ರೀತಿ, ಬದಲಿಸಿತು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಂದ ಚೆಕ್ಕುಗಳನ್ನು ಸ್ಕ್ಯಾನ್ ಮಾಡಿ ಆಗಿಂದಾಗ ಕ್ಲಿಯರಿಂಗಿಗೆ ಕಳಿಸುತ್ತಾರೆ.

ಒಂದು ಅಂಕ ಕಳೆದದ್ದು ಶಾಖೆಯವರ ನಡವಳಿಕೆಗೆ. ಬಾಡಿಗೆದಾರರ ಮೆಂಟೆನೆನ್ಸ್ ಚೆಕ್ ಕಟ್ಟಲು ಹೋದರೆ 'ಸುಮ್ನೆ ಡಬ್ಬಿಗೆ ಹಾಕಿ ಹೋಗಿ' ಅಂತಾರೆ. ಡಬ್ಬಿಗೆ ಹಾಕಿದ್ದಕ್ಕೆ ಪುರಾವೆ ಏನು? ಕೌಂಟರಿನಲ್ಲಿ ಕೊಟ್ಟು ರಸೀದಿ ಕೇಳಿದರೆ ಇಲ್ಲ ಎನ್ನುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ನಾನು ಪಟ್ಟು ಹಿಡಿದು ಸೀಲ್ ಹಾಕಿಸಿಕೊಂಡೇ ಬರುತ್ತೇನೆ. ನೀವೂ ಬಿಡಬೇಡಿ.